ಒಂದು ಕೈ, ಮಡಚುವ ಚಾಕು ಮತ್ತು ಕೊನೆಯ ಉಳ್ಳಾಗಡ್ಡಿ

ದೇವರು ಮನುಷ್ಯನಿಗೆ ಎರಡು ಕೈ ಯಾಕೆ ಕೊಟ್ಟ ಎಂಬ ಪ್ರಶ್ನೆಗೆ ಐವತ್ತೊಂದು ವರ್ಷ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಬಲಗೈಗೆ ಪ್ಲಾಸ್ಟರ್ ಬಿದ್ದ ಮರುದಿನ ಬೆಳಿಗ್ಗೆ ಟೂತ್‌ಪೇಸ್ಟಿನ ಮುಚ್ಚಳದ ಮುಂದೆ ನಿಂತಾಗ ಉತ್ತರ ಹೊಳೆಯಿತು. ಒಂದು ಕೈ ಕೆಲಸ ಮಾಡುವುದಕ್ಕೆ, ಇನ್ನೊಂದು ಆ ಕೆಲಸವನ್ನು ಅಲ್ಲಾಡದಂತೆ ಹಿಡಿದುಕೊಳ್ಳುವುದಕ್ಕೆ. ಇಷ್ಟು ದೊಡ್ಡ ಸತ್ಯ ಸಿಕ್ಕಿದ ಮೇಲೆ ಅದನ್ನು ನೆನಪಿಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ಅದರ ಕಥೆಯೇ ಇದು. ಕೈ ಹೇಗೆ ಮುರಿಯಿತು ಎಂದು ಕೇಳಿದವರಿಗೆಲ್ಲ ಸೂರತ್ತಿನ ಮಳೆ, ನಮ್ಮ ಅಪಾರ್ಟ್‌ಮೆಂಟಿನ ಒದ್ದೆ ಮೆಟ್ಟಿಲು ಎಂದು ಹೇಳಿದ್ದೇನೆ. ಮೆಟ್ಟಿಲು ಒದ್ದೆಯಾಗಿದ್ದದ್ದು ನಿಜ. ಆದರೆ ಆ ಹೊತ್ತಿನಲ್ಲಿ ನಾನು ನನ್ನ ಹಿಂದಿನ ಫೇಸ್‌ಬುಕ್ ಬರಹಕ್ಕೆ "ಮೇಡಂ, ಸ್ವಲ್ಪ ಉದ್ದವಾಯಿತು" ಎಂದು ಕಾಮೆಂಟ್ ಹಾಕಿದ್ದವರಿಗೆ ಉದ್ದನೆಯ ಉತ್ತರ ಟೈಪ್ ಮಾಡುತ್ತ ಇಳಿಯುತ್ತಿದ್ದೆ ಎನ್ನುವುದೂ ನಿಜ. ಉತ್ತರ ಹೋಗಲಿಲ್ಲ, ನಾನು ಹೋದೆ. ಬಲಗೈ ಮಣಿಕಟ್ಟು ಮುರಿದು ಆರು ವಾರದ ಪ್ಲಾಸ್ಟರ್.

ನಾವು ಧಾರವಾಡದ ಕಡೆಯವರು. ನಮ್ಮ ಯಜಮಾನರು ಕೆಮಿಕಲ್ ಎಂಜಿನಿಯರ್. ಅವರ ಕೆಲಸ ಹೋದಲ್ಲಿ ನಮ್ಮ ಪಾತ್ರೆಪಗಡ ಹೋಗುತ್ತದೆ. ಮೊದಲು ಅಹಮದಾಬಾದಿನ ನರೋಡಾ, ಆಮೇಲೆ ವಡೋದರಾ, ಈಗ ಒಂಬತ್ತು ವರ್ಷದಿಂದ ಸೂರತ್ತು. ಅವರ ಫ್ಯಾಕ್ಟರಿ ಊರಾಚೆಯ ಸಚಿನ್ ಎಂಬ ಕೈಗಾರಿಕಾ ಎಸ್ಟೇಟಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಸಂಜೆ ಏಳೂವರೆಗೆ ಇಳಿಯುತ್ತಾರೆ. ಒಟ್ಟು ಇಪ್ಪತ್ತಮೂರು ವರ್ಷ ಗುಜರಾತಿನಲ್ಲಿ ಕಳೆದಿದ್ದೇವೆ. ನರೋಡಾದಲ್ಲಿ ಮನೆ ಬಾಡಿಗೆಗೆ ಕೇಳಲು ಹೋದಾಗ ಮಾಲೀಕರು "ಮಾಂಸ ತಿಂತೀರಾ?" ಎಂದು ಕೇಳಿದರು. ಇಲ್ಲ ಎಂದು ಎದೆಯುಬ್ಬಿಸಿ ಹೇಳಿದೆವು. "ಕಾಂದಾ?" ಎಂದರು. ಕಾಂದಾ ಎಂದರೆ ಉಳ್ಳಾಗಡ್ಡಿ. ಉಳ್ಳಾಗಡ್ಡಿಯೂ ಒಂದು ಪ್ರಶ್ನೆಯಾಗಬಹುದು ಎಂದು ನನಗೆ ಮೊದಲ ಸಲ ಗೊತ್ತಾದದ್ದು ಆವತ್ತು. ನಮ್ಮೂರಲ್ಲಿ ಅದನ್ನು ತಿನ್ನುತ್ತೀರಾ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಎಂದು ಕೇಳುತ್ತಾರೆ. ಮುಂದೆ ವಡೋದರಾದಲ್ಲಿ ಪಕ್ಕದ ಮನೆಯವರಿಂದ ಬೇಳೆಗೆ ಬೆಲ್ಲ ಹಾಕುವುದನ್ನು ಕಲಿತೆ, ಉಳ್ಳಾಗಡ್ಡಿಯನ್ನು ಕಾಗದದಷ್ಟು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ನಿಂಬೆಹಣ್ಣು ಹಿಂಡಿ, ತಟ್ಟೆಯ ಅಂಚಿನಲ್ಲಿ ಹೂವಿನ ಹಾಗೆ ಜೋಡಿಸುವುದನ್ನೂ ಕಲಿತೆ. ನಮ್ಮವ್ವ ಒಂದು ಸಲ ಬಂದವಳು ಆ ಹೂವನ್ನು ನೋಡಿ, "ಇದನ್ನ ತಿನ್ನೂದೋ, ತಲಿಯಾಗ ಮುಡ್ಕೊಳ್ಳೂದೋ?" ಎಂದು ಕೇಳಿದ್ದಳು. ಆಗ ನನಗೆ ಸಿಟ್ಟು ಬಂದಿತ್ತು.

ಪ್ಲಾಸ್ಟರ್ ಬಿದ್ದ ಸುದ್ದಿ ಲಿಫ್ಟಿಗಿಂತ ಬೇಗ ಮೇಲೆ ಹೋಯಿತು. ಅರ್ಧ ಗಂಟೆಯಲ್ಲಿ ಎದುರು ಮನೆಯ ನಯನಾಬೆನ್ ಬಂದರು. ಅವರಿಗೆ ಅರವತ್ತರ ಮೇಲೆ ವಯಸ್ಸು, ಜೈನರು. ಅವರ ಯಜಮಾನರು ಮೂವತ್ತು ವರ್ಷ ವರಾಛಾದಲ್ಲಿ ವಜ್ರ ಉಜ್ಜಿಸುವ ಕಾರ್ಖಾನೆ ನೋಡಿಕೊಂಡು ಈಗ ಮನೆಯಲ್ಲಿ ಕೂತು ನಯನಾಬೆನ್ನರ ತಾಳ್ಮೆ ಉಜ್ಜುತ್ತಿದ್ದಾರೆ. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಅರ್ಧ ಗುಜರಾತಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ಶಶಿಬೆನ್, ನೀವು ಕೂತಿರಿ. ಆರು ವಾರ ನಿಮ್ಮ ಅಡುಗೆಮನೆ ನನ್ನದು," ಎಂದರು. ಕೇಳಲಿಲ್ಲ, ಹೇಳಿದರು. ಮರುದಿನದಿಂದ ದಿನಾ ಮಧ್ಯಾಹ್ನ ನಾಲ್ಕಕ್ಕೆ ಬಂದು ತೊಂಡೆಕಾಯಿ, ಸೋರೆಕಾಯಿ ಹೆಚ್ಚಿ, ಪಲ್ಯ ಮಾಡಿ, ಚಪಾತಿ ಬಡಿದು, ನನ್ನ ತಲೆ ಬಾಚಿ ಜಡೆ ಹಾಕಿ, ಸೂರ್ಯ ಮುಳುಗುವುದರೊಳಗೆ ತಮ್ಮ ಊಟಕ್ಕೆ ಹೋಗುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಅವರಿಗೆ ವ್ರತದ ಕಾಲ, ಕತ್ತಲಾದ ಮೇಲೆ ನೀರೂ ಕುಡಿಯುವುದಿಲ್ಲ. ನೆಲದೊಳಗೆ ಬೆಳೆಯುವುದನ್ನಂತೂ ವರ್ಷವಿಡೀ ಮುಟ್ಟುವುದಿಲ್ಲ. ಅವರು ಕೇಳಿದ್ದು ಒಂದೇ: "ಚಾಕು, ಮಣೆ ಮಾತ್ರ ಕಾಂದಾ ಮುಟ್ಟದ್ದು ಇರಲಿ."

ಇಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ನಮ್ಮ ಯಜಮಾನರು ಹೊರಗೆ ಬಂದರು. ಯಾರಾದರೂ ಒಂದು ಉಪಕಾರ ಮಾಡಿದರೆ ತಾವು ಒಂದೂವರೆ ಮಾಡದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಒಂದೂವರೆಯ ಖರ್ಚು ಮಾತ್ರ ಯಾವಾಗಲೂ ನನ್ನದು. "ನಯನಾಬೆನ್, ಚಾಕು ಯಾಕೆ, ನೀವು ಬರುವಷ್ಟು ದಿನ ಈ ಮನೆಯೊಳಗೆ ಕಾಂದಾವೇ ಬರುವುದಿಲ್ಲ. ಇದು ನನ್ನ ಮಾತು," ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದರು. ನಯನಾಬೆನ್ನರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಕಾರಣ ಬೇರೆ. ಆವತ್ತೇ ಮನೆಯ ಚಾಕುಗಳೆಲ್ಲ ಕುದಿಯುವ ನೀರಿನಲ್ಲಿ ಮುಳುಗಿ ಎದ್ದವು. ಉಳ್ಳಾಗಡ್ಡಿಯ ಬುಟ್ಟಿ, ಅವ್ವ ಕಳಿಸಿದ್ದ ಬೆಳ್ಳುಳ್ಳಿ ಹಾಕಿದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ, ಎರಡೂ ಫ್ಯಾಕ್ಟರಿಗೆ ಗಡೀಪಾರಾದವು.

"ರೀ, ನನ್ನ ಒಂದು ಮಾತು ಕೇಳಬಾರದಿತ್ತ?" ಎಂದೆ.

"ಆರು ವಾರದ ಮಾತು ಶಶಿ. ಉಳ್ಳಾಗಡ್ಡಿ ಇಲ್ಲಂದ್ರ ಸಾಯ್ತೇವೇನು?"

ಸಾಯಲಿಲ್ಲ. ಅವರಂತೂ ಖಂಡಿತ ಸಾಯಲಿಲ್ಲ. ದಿನಾ ಸಂಜೆ ಬಸ್ಸಿಳಿದು ಬಂದು ಸೋಫಾದ ಮೇಲೆ ಕೂತು "ಅಬ್ಬಾ" ಎಂದು ಉಸಿರು ಬಿಟ್ಟರೆ ಸಾಕು, ಫ್ಯಾಕ್ಟರಿ ಕ್ಯಾಂಟೀನಿನ ಊಟದ ಪಟ್ಟಿ ನನಗೆ ಓದಲು ಸಿಗುತ್ತಿತ್ತು. ಮೊದಲು ಹಸಿ ಉಳ್ಳಾಗಡ್ಡಿ, ಅದರ ಹಿಂದೆ ಅವ್ವನ ಶೇಂಗಾ ಹಿಂಡಿ. ಮಾತು ಕೊಟ್ಟದ್ದು ಮನೆಗೆ ಸಂಬಂಧಪಟ್ಟಂತೆ ಮಾತ್ರ, ಸಚಿನ್ ಎಸ್ಟೇಟು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಅವರ ವಾದ. ಮೇಲೊಂದು ಮುಖ, ಒಳಗೊಂದು ಬಾಯಿ. ಇಂಥವರ ಜೊತೆ ಇಪ್ಪತ್ತಾರು ವರ್ಷ ಬಾಳಿದೆನಲ್ಲ ಎಂದು ನನಗೆ ನನ್ನ ಬಗ್ಗೆ ಗೌರವ ಬಂತು. ಈ ಗೌರವವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ವಾಪಸು ಕೇಳುತ್ತೇನೆ.

ಮೂರು ವಾರ ತಡೆದೆ. ನಯನಾಬೆನ್ನರ ಅಡುಗೆಗೆ ಹೆಸರಿಡುವ ಹಾಗಿಲ್ಲ, ಎಲ್ಲದರಲ್ಲೂ ಪ್ರೀತಿ ಇರುತ್ತಿತ್ತು, ಸಕ್ಕರೆಯೂ ಇರುತ್ತಿತ್ತು. ಆದರೆ ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ಅವ್ವ ಕಳಿಸಿದ ಕಟಕ್ ರೊಟ್ಟಿ ಇತ್ತು. ಜೋಳದ ರೊಟ್ಟಿಯನ್ನು ಹಪ್ಪಳದ ಹಾಗೆ ಒಣಗಿಸಿದ್ದು, ತಿಂಗಳುಗಟ್ಟಲೆ ಕೆಡುವುದಿಲ್ಲ, ಮುರಿದರೆ ಮೂರನೇ ಮನೆಗೆ ಕೇಳಿಸುತ್ತದೆ. ಅದನ್ನು ಮೊಸರಿನ ಜೊತೆ ತಿನ್ನಬಹುದು, ತಿಂದೆ. ಉಳ್ಳಾಗಡ್ಡಿ ಇಲ್ಲದ ಕಟಕ್ ರೊಟ್ಟಿ, ಮದುಮಗ ಇಲ್ಲದ ಮದುವೆ. ಊಟವೇನೋ ಆಗುತ್ತದೆ, ಯಾಕೆ ಬಂದೆವು ಎನ್ನುವುದು ಗೊತ್ತಾಗುವುದಿಲ್ಲ.

ನಾಲ್ಕನೇ ವಾರದ ಸೋಮವಾರ ಗ್ಯಾಸ್ ಸಿಲಿಂಡರಿನ ಹಿಂದೆ ಬಿದ್ದ ಚಮಚ ಹುಡುಕಲು ಬಗ್ಗಿದೆ. ಅಲ್ಲಿ, ಕತ್ತಲಲ್ಲಿ, ತಲೆಯ ಮೇಲೆ ಎರಡಿಂಚು ಹಸಿರು ಮೊಳಕೆ ಬಿಟ್ಟುಕೊಂಡು, ಗಡೀಪಾರು ತಪ್ಪಿಸಿಕೊಂಡ ಒಂದು ಉಳ್ಳಾಗಡ್ಡಿ ಕೂತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದೆವು.

ಸಿಕ್ಕಿತು, ಸರಿ. ಹೆಚ್ಚುವುದು ಹೇಗೆ? ಅಡುಗೆಮನೆಯ ಚಾಕು ಬಳಸಿ, ತೊಳೆದು, ಮರುದಿನ ಏನೂ ಆಗದವಳ ಹಾಗೆ ನಯನಾಬೆನ್ನರ ಕೈಗೆ ಕೊಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಚಾಕಿನಿಂದ ಅವರು ಹೆಚ್ಚಿದ್ದನ್ನು ಅವರೂ ಒಂದು ಚೂರು ರುಚಿ ನೋಡುತ್ತಾರೆ. ನನ್ನ ಜಡೆ ಹಾಕುವ ಕೈಗೆ ಹಾಗೆ ಮೋಸ ಮಾಡುವುದು ನನ್ನಿಂದ ಆಗಲಿಲ್ಲ. ಕಳ್ಳತನಕ್ಕೂ ಒಂದು ಮರ್ಯಾದೆ ಇರುತ್ತದೆ. ಯಜಮಾನರನ್ನು ಕೇಳಿದರೆ ಭಾಷಣ. ಪಾತ್ರೆ ತೊಳೆಯಲು ಬರುವವಳು ಎದುರು ಮನೆಯಲ್ಲೂ ಕೆಲಸ ಮಾಡುತ್ತಾಳೆ. ಅವಳಿಗೆ ಹೇಳುವುದೂ ಒಂದೇ, ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಹಾಕುವುದೂ ಒಂದೇ. ಆಗ ನೆನಪಾದದ್ದು ಬಾಲ್ಕನಿಯ ಟೂಲ್ ಡಬ್ಬಿಯಲ್ಲಿದ್ದ ಮಡಚುವ ಚಾಕು. ಅದು ಅಡುಗೆಮನೆಯ ಪ್ರಜೆಯಲ್ಲ, ಯಾವ ಒಪ್ಪಂದಕ್ಕೂ ಸೇರಿದ್ದಲ್ಲ.

ಆ ಚಾಕುವಿಗೂ ಒಂದು ಚರಿತ್ರೆ ಇದೆ. ನಾಲ್ಕು ವರ್ಷದ ಹಿಂದೆ ಯಜಮಾನರ ಸಹೋದ್ಯೋಗಿಯೊಬ್ಬರು ಕ್ಯಾಂಟೀನಿನಲ್ಲಿ ಜೇಬಿನಿಂದ ಒಂದು ಚಾಕು ತೆಗೆದು, ಒಂದೇ ಕೈಯಲ್ಲಿ ಟಕ್ ಎಂದು ಬಿಚ್ಚಿ ಸೇಬು ಹೆಚ್ಚಿದರಂತೆ. ಮರುವಾರವೇ ನಮ್ಮ ಮನೆಗೂ ಅಂಥದ್ದೊಂದು ಬಂತು. ರೈಲಿನಲ್ಲಿ ಊರಿಗೆ ಹೋಗುವಾಗ ಬೇಕಾಗುತ್ತದೆ ಎನ್ನುವುದು ಅಧಿಕೃತ ಕಾರಣ. ಆದರೆ ರೈಲು ಬರುವ ಮೊದಲೇ ಅವರು ಎರಡು ವಾರ ಟಿವಿ ಮುಂದೆ ಕೂತು ಟಕ್, ಟಕ್ ಎಂದು ಬಿಚ್ಚುವುದು, ಮಡಚುವುದು ಅಭ್ಯಾಸ ಮಾಡಿದರು. "ಇದು ನೋಡು ಶಶಿ, ಪೂರಾ ಮಣಿಕಟ್ಟಿನ ಆಟ," ಎನ್ನುತ್ತಿದ್ದರು. ಬಾಲ್ಯದಲ್ಲಿ ಗೋಲಿ ಆಡಿ ಸೋತವರು ದೊಡ್ಡವರಾದ ಮೇಲೆ ಇಂಥದ್ದರಲ್ಲಿ ಗೆಲ್ಲಲು ನೋಡುತ್ತಾರೆ ಎಂದು ನಾನು ಆಗ ಒಂದು ಪೋಸ್ಟ್ ಕೂಡ ಬರೆದಿದ್ದೆ. ರೈಲಿನಲ್ಲಿ ಆ ಚಾಕು ಹೊರಗೆ ತೆಗೆದದ್ದು ಒಂದೇ ಸಲ, ಒಂದು ಸವತೆಕಾಯಿಗೆ. ಅದನ್ನು ನೋಡಿ ಎದುರು ಸೀಟಿನವರು ತಮ್ಮ ಸೂಟ್‌ಕೇಸನ್ನು ಹತ್ತಿರ ಎಳೆದುಕೊಂಡರು.

ಸೋಮವಾರ ಮಧ್ಯಾಹ್ನ ಚಾಕು ಹೊರಗೆ ತೆಗೆದೆ. ಅಂಗೈಯಷ್ಟುದ್ದ, ಕಪ್ಪು ಹಿಡಿ. ಅಲಗಿನ ಬುಡದಲ್ಲಿ ಮೊಳೆಯ ತಲೆಯಂಥ ಪುಟ್ಟ ಗುಂಡಿ. ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳು ಸರಿಯಾಗಿ ಆ ಗುಂಡಿಯ ಮೇಲೆ ಕೂರುತ್ತದೆ, ತಳ್ಳಿದರೆ ತೆರೆಯುತ್ತದೆ. ಎಡಗೈಯಲ್ಲಿ ಹಿಡಿದರೆ ಆ ಗುಂಡಿ ಆಚೆ ಬದಿಗೆ ಹೋಗಿ, ಬಾಕಿ ಕೇಳಲು ಬಂದವರನ್ನು ಕಂಡ ಹಾಗೆ ಮುಖ ಮರೆಸಿಕೊಳ್ಳುತ್ತದೆ. ಉಗುರಿನಿಂದ ಎಳೆಯೋಣವೆಂದರೆ ಹಿಡಿಯುವುದಕ್ಕೂ ಅದೇ ಕೈ, ಎಳೆಯುವುದಕ್ಕೂ ಅದೇ ಕೈ. ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು ಎಳೆದೆ. ನೈಟಿ ಹೊರಬಂತು, ಅಲಗು ಬರಲಿಲ್ಲ. ಮೇಜಿನ ಡ್ರಾಯರಿನ ಸಂದಿಗೆ ಸಿಕ್ಕಿಸಿ ಎಳೆದೆ. ಡ್ರಾಯರು ಪೂರ್ತಿ ಕಳಚಿ ಕಾಲ ಮೇಲೆ ಬಿತ್ತು. ಹಲ್ಲಿನಿಂದ ಪ್ರಯತ್ನಿಸಲು ಹೊರಟು, ಮುಂದಿನ ಎರಡು ಹಲ್ಲಿಗೆ ಹೋದ ವರ್ಷ ಕ್ಯಾಪ್ ಹಾಕಿಸುವಾಗ ಪಟ್ಟ ಪಾಡು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮಂಗಳವಾರ ಯೂಟ್ಯೂಬಿಗೆ ಶರಣಾದೆ. ಒಂದೇ ಕೈಯಲ್ಲಿ ಚಾಕು ಬಿಚ್ಚುವುದು ಹೇಗೆ ಎನ್ನುವುದಕ್ಕೆ ಅಲ್ಲಿ ಒಂದು ಲೋಕವೇ ಇದೆ. ಎಲ್ಲರಿಗೂ ಗಡ್ಡ, ಎಲ್ಲರೂ ಕಾಡಿನಲ್ಲಿ ನಿಂತಿರುತ್ತಾರೆ. ಒಂದು ಕೈಯಲ್ಲಿ ಹಗ್ಗ ಹಿಡಿದು ಬಂಡೆಗೆ ಜೋತುಬಿದ್ದಿದ್ದರೆ ಏನು ಮಾಡುತ್ತೀರಿ, ಕರಡಿ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಎದುರು ಮನೆಯ ನಯನಾಬೆನ್ ನಾಲ್ಕು ಗಂಟೆಗೆ ಬಂದುಬಿಟ್ಟರೆ ಏನು ಮಾಡುತ್ತೀರಿ ಎಂದು ಒಬ್ಬನೂ ಹೇಳಿಕೊಡುವುದಿಲ್ಲ. ಅವರಲ್ಲೊಬ್ಬ ಮಣಿಕಟ್ಟು ಝಾಡಿಸಿದರೆ ಅಲಗು ತಾನೇ ಹಾರಿ ತೆರೆಯುತ್ತದೆ ಎಂದ. ಝಾಡಿಸಿದೆ. ಹಾರಿತು. ಅಲಗು ಅಲ್ಲ, ಇಡೀ ಚಾಕು. ಬಾಲ್ಕನಿಯ ತುಳಸಿ ಕುಂಡದಲ್ಲಿ ಹೋಗಿ ಬಿತ್ತು, ಮಡಚಿಕೊಂಡೇ.

ಅಹಮದಾಬಾದಿನಲ್ಲಿ ಓದುತ್ತಿರುವ ಮಗಳು ಅದೇ ಹೊತ್ತಿಗೆ ವೀಡಿಯೊ ಕಾಲ್ ಮಾಡಿದಳು. ಹುಟ್ಟಿದ್ದು ನರೋಡಾ, ಬೆಳೆದದ್ದು ವಡೋದರಾ. ಅವಳ ಕನ್ನಡ ನೆಂಟರ ಮನೆಗೆ ಬಂದ ಮಗುವಿನಂತೆ, ಗೋಡೆ ಹಿಡಿದುಕೊಂಡು ನಡೆಯುತ್ತದೆ.

"ಮಮ್ಮಿ, ನೀ ನೈಫ್ ಜೊತೆ ಏನ್ ಮಾಡ್ತದೆ?"

"ಏನಿಲ್ಲ, ಸ್ವಚ್ಛ ಮಾಡಾಕತ್ತೇನಿ."

"ಪ್ಲಾಂಟ್ ಒಳಗೆ?"

ವಿಷಯ ಹೇಳಿದೆ. ಅವಳು ನಗುವುದನ್ನು ಮುಗಿಸುವವರೆಗೆ ಕಾದೆ. "ಅದು ರೈಟ್ ಹ್ಯಾಂಡ್ ನೈಫ್ ಇದೆ ಮಮ್ಮಿ. ನಾನು ಆನ್‌ಲೈನ್ ಚಾಪರ್ ಕಳಿಸ್ತೀನಿ ನಾ, ಖಾಲಿ ಹಗ್ಗ ಎಳೆಯೋದು, ಬಸ್," ಎಂದಳು. ಪಾರ್ಸೆಲ್ ಬಂದರೆ ನನ್ನ ಪರವಾಗಿ ಸಹಿ ಮಾಡಿ, ಒಡೆದು, ಏನಿದೆ ಎಂದು ತೋರಿಸಿ ಹೋಗುವವರು ನಯನಾಬೆನ್ ಎಂದೆ. "ತೋ ಫಿರ್ ಆಂಟಿಗೇ ಹೇಳು. ಶಿ ಇಸ್ ಸೋ ಸ್ವೀಟ್," ಎಂದಳು. ಸ್ವೀಟು, ಅದೇ ತೊಂದರೆ. ಖಾರದವರಾಗಿದ್ದರೆ ಎಂದೋ ಹೇಳಿಬಿಡುತ್ತಿದ್ದೆ.

ಬುಧವಾರ ಮಧ್ಯಾಹ್ನ ಉಳ್ಳಾಗಡ್ಡಿಯನ್ನು ಎದುರಿಗೆ ಇಟ್ಟುಕೊಂಡು, ಚಾಕುವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಹೆಣಗುತ್ತಿದ್ದೆ. ಗಂಟೆ ಮೂರೂ ಆಗಿರಲಿಲ್ಲ. ಹೊರಗೆ ನಯನಾಬೆನ್ನರ ದನಿ, ಜೊತೆಗೆ ಇನ್ನೂ ಮೂರ್ನಾಲ್ಕು ದನಿ. ಅವರ ಬಳಿ ನಮ್ಮ ಮನೆಯ ಕೀಲಿ ಇರುತ್ತದೆ. ಚಾಕುವನ್ನು ಸೋಫಾದ ದಿಂಬಿನಡಿ ತುರುಕಿದೆ. ಉಳ್ಳಾಗಡ್ಡಿಗೆ ಜಾಗವಿಲ್ಲ, ಸಮಯವೂ ಇಲ್ಲ. ಬಲಗೈ ತೂಗುಹಾಕಿದ್ದ ಬಟ್ಟೆಯ ಜೋಲಿ ಕುತ್ತಿಗೆಯಲ್ಲೇ ಇತ್ತಲ್ಲ, ಪ್ಲಾಸ್ಟರಿನ ಪಕ್ಕದಲ್ಲಿ ಅದನ್ನು ಮಲಗಿಸಿಬಿಟ್ಟೆ.

ಒಳಗೆ ಬಂದದ್ದು ನಯನಾಬೆನ್ ಮತ್ತು ಅವರ ದೇರಾಸರದ, ಅಂದರೆ ಜೈನ ಬಸದಿಯ, ನಾಲ್ವರು ಹೆಂಗಸರು. ಒಬ್ಬರಿಗೆ ಎಂಬತ್ತಾದರೂ ಆಗಿತ್ತು, ಬಿಳಿ ಸೀರೆ, ಕೋಲು ಹಿಡಿದಿದ್ದರು. ಕೈ ಮುರಿದವಳನ್ನು ನೋಡಲು ಬಂದಿದ್ದಾರೆ ಎಂದುಕೊಂಡೆ. ನೋಡಲು ಬಂದದ್ದು ಕೈಯನ್ನಲ್ಲ. "ಇವರೇ ಶಶಿಬೆನ್," ಎಂದು ನಯನಾಬೆನ್ ಮನೆಯ ಮಗಳನ್ನು ತೋರಿಸುವವರ ಹಾಗೆ ತೋರಿಸಿದರು. "ಕರ್ನಾಟಕದವರು. ಜೈನರಲ್ಲ, ಆದರೂ ಈ ಮಳೆಗಾಲಕ್ಕೆ ಇಡೀ ಮನೆ ಕಾಂದಾ ಬಿಟ್ಟಿದೆ. ನಾನು ಕೇಳಿರಲಿಲ್ಲ, ತಾವೇ ನಿಯಮ ತೆಗೆದುಕೊಂಡರು."

ಎಂಬತ್ತರ ಅಜ್ಜಿ ಕೋಲನ್ನು ಪಕ್ಕದವರಿಗೆ ಕೊಟ್ಟು, ನನಗೆ ಎರಡೂ ಕೈ ಎತ್ತಿ ಮುಗಿದರು. ಉಳಿದ ಮೂವರೂ ಮುಗಿದರು. ನಾನು ಎಡಗೈಯೊಂದನ್ನೇ ಎದೆಯ ಹತ್ತಿರ ತಂದು ಅರ್ಧ ನಮಸ್ಕಾರ ಮಾಡಿದೆ. ಉಳಿದ ಅರ್ಧದ ಪಕ್ಕದಲ್ಲಿ ಉಳ್ಳಾಗಡ್ಡಿ ಇತ್ತು.

"ಕಷ್ಟವಾಗುತ್ತದೆಯೇ ಮಗಳೇ?" ಎಂದು ಅಜ್ಜಿ ಕೇಳಿದರು.

"ಸ್ವಲ್ಪ," ಎಂದೆ. ಈ ಒಂದು ಮಾತು ಮಾತ್ರ ಶುದ್ಧ ಸತ್ಯ.

"ಮನಸ್ಸು ಎಳೆಯುತ್ತದೆ. ಎಳೆದಾಗ ಹಿಡಿದು ನಿಲ್ಲಬೇಕು," ಎಂದರು ಅಜ್ಜಿ. ಮೂರು ದಿನದಿಂದ ಎಳೆಯುತ್ತಿರುವವಳು ನಾನು, ಹಿಡಿದು ನಿಂತಿರುವುದು ಆ ಚಾಕು ಎಂದು ಹೇಗೆ ಹೇಳಲಿ? ನಯನಾಬೆನ್ ಚಹಾ ಮಾಡಿ, ತಮ್ಮ ಮನೆಯಿಂದ ಹಪ್ಪಳದಂಥ ಗರಿಗರಿ ಗೋಧಿ ಖಾಖ್ರಾ ತಂದಿಟ್ಟರು. ಹೆಂಗಸರು ಸೋಫಾದ ಮೇಲೆ ಕೂತರು. ಒಬ್ಬರು ದಿಂಬಿಗೆ ಒರಗಿ, ಏನೋ ಚುಚ್ಚಿತೆಂದು ಸರಿದು ಕೂತರು. ನಾನು ಜೋಲಿಯನ್ನು ಎದೆಗೆ ಅವಚಿಕೊಂಡು ಅರ್ಧ ಗಂಟೆ ಅಲ್ಲಾಡದೆ ಕೂತೆ. ಹೋಗುವಾಗ ಒಬ್ಬರು, "ಎಷ್ಟು ಶಾಂತ ಮುಖ," ಎಂದರು.

ಅವರನ್ನು ಲಿಫ್ಟಿನವರೆಗೆ ಬಿಟ್ಟು ನಯನಾಬೆನ್ ಒಬ್ಬರೇ ವಾಪಸು ಬಂದರು. ಉಳಿದ ಖಾಖ್ರಾದ ತಟ್ಟೆಯನ್ನು ಎಡಗೈಯಲ್ಲಿ ಎತ್ತಿಕೊಂಡರು. ಬಲಗೈಯಿಂದ ಸೋಫಾದ ದಿಂಬು ಸರಿಪಡಿಸಲು ಹೋಗಿ ಚಾಕು ಹೊರಗೆ ತೆಗೆದರು. ಒಂದು ಸಲ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರು. ಟಕ್. ತಟ್ಟೆಯಲ್ಲಿದ್ದ ಖಾಖ್ರಾ ಒಂದೂ ಅಲುಗಲಿಲ್ಲ. ಯಜಮಾನರಿಗೆ ಎರಡು ವಾರ ಹಿಡಿದಿತ್ತು.

"ನಿಮಗೆ ಇದು ಹೇಗೆ ಬರುತ್ತದೆ?" ಎಂದೆ.

"ಮೂರು ಮಕ್ಕಳನ್ನು ಒಂದು ಸೊಂಟದ ಮೇಲೆ ಹೊತ್ತು ಸಾಕಿದ್ದೇನೆ ಶಶಿಬೆನ್. ಇಪ್ಪತ್ತು ವರ್ಷ ನನಗೆ ಇದ್ದದ್ದೇ ಒಂದು ಕೈ," ಎಂದರು. ಆಮೇಲೆ ಬಿಚ್ಚಿದ ಚಾಕುವನ್ನು ನನ್ನ ಮುಂದಿನ ಟೀಪಾಯಿಯ ಮೇಲಿಟ್ಟು, ನನ್ನ ಮುಖ ನೋಡದೆ ದಿಂಬು ತಟ್ಟುತ್ತ, "ನನಗೆ ಮೂಗು ಚೆನ್ನಾಗಿದೆ. ನಿಮ್ಮ ಜೋಲಿಯಿಂದ ಕಾಂದಾ ವಾಸನೆ ಬರುತ್ತಿದೆ," ಎಂದರು.

ಆ ಕ್ಷಣ ಎರಡನೇ ಕೈಯೂ ಮುರಿದಿದ್ದರೆ ಚೆನ್ನಾಗಿತ್ತು ಅನಿಸಿತು. "ನಯನಾಬೆನ್, ಆ ಮಾತು ಕೊಟ್ಟದ್ದು ಅವರು, ನಾನು..." ಎಂದು ತೊದಲಿದೆ.

"ಗೊತ್ತು. ಗಂಡಸರು ಹೆಂಡತಿಯ ನಾಲಿಗೆ ಮೇಲೆ ಉಪವಾಸ ಮಾಡುತ್ತಾರೆ. ನಾನು ಕೇಳಿದ್ದು ಚಾಕು, ಮಣೆ ಅಷ್ಟೇ." ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟಿಕೊಂಡರು. "ಇವತ್ತು ಪಲ್ಯ ನಮ್ಮ ಮನೆಯಿಂದಲೇ ಕಳಿಸುತ್ತೇನೆ. ನೀವು ನಿಮ್ಮ ಕೆಲಸ ಮಾಡಿಕೊಳ್ಳಿ. ಕಿಟಕಿ ತೆರೆದಿಡಿ. ಆ ಚಾಕು ಮಾತ್ರ ನಾಳೆ ನನ್ನ ಕಣ್ಣಿಗೆ ಬೀಳುವುದು ಬೇಡ. ದೇರಾಸರದವರಿಗೆ ಏನು ಹೇಳಬೇಕು ಎಂದು ನಾನು ಯೋಚನೆ ಮಾಡುತ್ತೇನೆ." ಕೊನೆಯ ಮಾತಿನಲ್ಲಿ ಅವರ ದನಿ ಸ್ವಲ್ಪ ಇಳಿದಿತ್ತು. ಬೈದಿದ್ದರೆ ತಿನ್ನಲು ಸುಲಭವಾಗುತ್ತಿತ್ತು.

ಅಷ್ಟು ನಾಚಿಕೆಯಾದ ಮೇಲೆ ಉಳ್ಳಾಗಡ್ಡಿಯನ್ನು ಎಸೆದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ. ಎಸೆಯಲಿಲ್ಲ. ಎರಡು ಗಂಟೆ ಅದನ್ನೇ ನೋಡುತ್ತ ಕೂತೆ, ಆಮೇಲೆ ಕಿಟಕಿ ತೆರೆದೆ. ರೊಟ್ಟಿ ಡಬ್ಬಿ ಇಳಿಸಿದೆ. ಬಟ್ಟಲಿಗೆ ಮೊಸರು ಹಾಕಿದೆ. ಉಳ್ಳಾಗಡ್ಡಿಯನ್ನು ಅಡುಗೆಕಟ್ಟೆಯ ಮೇಲಿಟ್ಟು, ಎಡಗೈಯಲ್ಲಿ ಚಾಕು ಎತ್ತಿದೆ. ಆಗ ನನ್ನ ಜೀವನದ ಅತ್ಯಂತ ಸರಳ ಪ್ರಶ್ನೆ ಎದುರು ಬಂದು ನಿಂತಿತು: ಉಳ್ಳಾಗಡ್ಡಿಯನ್ನು ಹಿಡಿದುಕೊಳ್ಳುವವರು ಯಾರು?

ಮೂರು ದಿನ ನಾನು ಚಾಕು ಬಿಚ್ಚುವುದನ್ನು ಯೋಚಿಸಿದ್ದೆ. ಬಿಚ್ಚಿದ ಮೇಲೆ ಏನು ಎನ್ನುವುದನ್ನು ಯೋಚಿಸಿರಲಿಲ್ಲ. ಟೂತ್‌ಪೇಸ್ಟಿನ ಮುಂದೆ ಸಿಕ್ಕಿದ್ದ ಮಹಾಸತ್ಯ ಅಷ್ಟು ಬೇಗ ಮರೆತುಹೋಗಿತ್ತು. ಅಡುಗೆಕಟ್ಟೆಗೆ ನೀರು ಹರಿಯಲೆಂದು ಸಿಂಕಿನ ಕಡೆಗೆ ಸಣ್ಣ ಇಳಿಜಾರು ಇರುತ್ತದಲ್ಲ, ಉಳ್ಳಾಗಡ್ಡಿ ಅದನ್ನು ಕಂಡುಹಿಡಿದು, ಅಲಗು ಹತ್ತಿರ ಬರುವ ಮೊದಲೇ ಉರುಳಿಕೊಂಡು ಹೋಗಿ ಸಿಂಕಿಗೆ ಬಿತ್ತು. ಎತ್ತಿಟ್ಟೆ, ಉರುಳಿತು. ಚಾಕು ಕೆಳಗಿಟ್ಟು ಅದನ್ನು ಹಿಡಿದೆ, ನಿಂತಿತು. ಆದರೆ ಈಗ ಚಾಕು ಹಿಡಿಯಲು ಕೈಯಿಲ್ಲ. ಗದ್ದದಿಂದ ಒತ್ತಿ ಹಿಡಿಯೋಣವೇ ಎಂದು ಯೋಚಿಸಿ, ಆ ಜಾಗದಲ್ಲಿ ಕತ್ತು ಎಷ್ಟು ಹತ್ತಿರ ಇರುತ್ತದೆ ಎನ್ನುವುದು ನೆನಪಾಗಿ ಬಿಟ್ಟೆ.

ಫೋನು ಬಂತು. ಹುಬ್ಬಳ್ಳಿಯಲ್ಲಿ ತಮ್ಮನ ಮನೆಯಿಂದ ಅವ್ವ, ದಿನಾ ಆರು ಗಂಟೆಗೆ ಮಾಡುತ್ತಾಳೆ. ಸ್ಪೀಕರಿಗೆ ಹಾಕಿದೆ.

"ಏನ್ ಮಾಡಾಕತ್ತೀಯವಾ? ದನಿ ಯಾಕ ಹಂಗೈತಿ?"

ಸಿಲಿಂಡರಿನ ಹಿಂದಿನಿಂದ ಶುರುಮಾಡಿ ಸಿಂಕಿನವರೆಗೆ ಎಲ್ಲ ಹೇಳಿದೆ. ಆ ಕಡೆ ಮೂಗು ಎಳೆಯುವ ಸದ್ದು ಬಂತು. ಮಗಳ ಕಷ್ಟ ಕೇಳಿ ಅಳುತ್ತಿದ್ದಾಳೆ ಎಂದುಕೊಂಡೆ.

"ರೊಟ್ಟಿ ಜೋಡಿ ತಿನ್ನೂ ಉಳ್ಳಾಗಡ್ಡಿಗೆ ಚಾಕು ಯಾಕಬೇ?" ಎಂದಳು ಅವ್ವ. "ನಿಮ್ಮಪ್ಪ ಐವತ್ತ ವರ್ಷ ತಿಂದ. ಎಂದರ ಚಾಕು ಕೇಳಿದ್ನೇನು? ಗುದ್ದಿ ತಿನ್ನೂದು ಮರ್ತೇನು? ನಿನ್ನ ಮುಷ್ಟಿಗೂ ಪ್ಲಾಸ್ಟರ್ ಹಾಕ್ಯಾರೇನು?"

"ಒಂದಕ್ಕ ಹಾಕ್ಯಾರ."

"ಇನ್ನೊಂದೈತಲ್ಲ."

ನಮ್ಮ ಕಡೆಯ ಓದುಗರು ಇಷ್ಟು ಹೊತ್ತೂ ನನ್ನ ಮೇಲೆ ಹಲ್ಲು ಕಡಿಯುತ್ತಿದ್ದರು ಎಂದು ನನಗೆ ಗೊತ್ತು. ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು, ಮುಷ್ಟಿಯಿಂದ ಒಂದು ಗುದ್ದು ಕೊಟ್ಟರೆ ಅದು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಅಪ್ಪ ಹಾಗೆ ತಿಂದದ್ದನ್ನು ಸಾವಿರ ಸಲ ನೋಡಿದ್ದೇನೆ, ನಾನೂ ಹಾಗೇ ತಿಂದು ಬೆಳೆದಿದ್ದೇನೆ. ವಡೋದರಾದಿಂದ ಈಚೆಗೆ ತೆಳ್ಳಗೆ ಹೆಚ್ಚಿ ಹೆಚ್ಚಿ, ಉಳ್ಳಾಗಡ್ಡಿ ಎಂದರೆ ಚಾಕಿನ ಕೆಲಸ ಎಂದು ಕೈ ನಂಬಿಬಿಟ್ಟಿತ್ತು. ಒಂದೇ ಕೈಯಲ್ಲಿ ಆಗುವ ಕೆಲಸಕ್ಕೆ, ಒಂದೇ ಕೈಯಲ್ಲಿ ಬಿಚ್ಚಲಾಗದ ಚಾಕು ಹಿಡಿದು ಮೂರು ದಿನ ಕಾದಾಡಿದ್ದೆ.

ನೆಲದ ಮೇಲೆ ಕೂತೆ. ಮುಷ್ಟಿ ಬಿಗಿದೆ. ಮೊದಲ ಗುದ್ದು ಎಡಗೈಯದಾದ್ದರಿಂದ ವಾರೆಯಾಗಿ ಬಿತ್ತು, ಉಳ್ಳಾಗಡ್ಡಿ ಫ್ರಿಜ್ಜಿನ ಕೆಳಗೆ ಹೋಯಿತು. ಪೊರಕೆಯಿಂದ ಹೊರಗೆಳೆದು ಎರಡನೆಯದು ಕೊಟ್ಟೆ. ಯಜಮಾನರ ವಾಗ್ದಾನ, ಡ್ರಾಯರು, ಗಡ್ಡದವರು, ಕರಡಿ ಎಲ್ಲರನ್ನೂ ಸೇರಿಸಿ ಗುದ್ದಿದೆ. ಫಟ್ ಎಂದು ಒಡೆಯಿತು. ಫೋನಿನಲ್ಲಿ ಅವ್ವ ಸದ್ದು ಕೇಳಿ, "ಹಾಂ, ಈಗ ಉಣ್ಣು," ಎಂದು ಇಟ್ಟಳು. ಕಟಕ್ ರೊಟ್ಟಿ ಮುರಿದೆ, ಮೊಸರು, ಉಳ್ಳಾಗಡ್ಡಿ. ಕಣ್ಣಲ್ಲಿ ನೀರು ಬಂತು.

ಏಳೂವರೆಗೆ ಯಜಮಾನರು ಬಂದರು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. "ಶಶಿ, ಏನಿದು ಉಳ್ಳಾಗಡ್ಡಿ ವಾಸನಿ?"

"ನೀವು ಬಂದ ಮ್ಯಾಲೇ ಬಂತು ನೋಡ್ರಿ," ಎಂದೆ.

ಪಾಪ, ಅಂಗೈ ಬಾಯಿಯ ಮುಂದೆ ಹಿಡಿದು ಊದಿ ನೋಡಿಕೊಂಡು, ನೇರ ಹಲ್ಲುಜ್ಜಲು ಹೋದರು.

ಇನ್ನು ಚಾಕು. ಬಿಚ್ಚಿದ ಚಾಕುವನ್ನು ಮಡಚಬೇಕೆಂದರೆ ಒಳಗಿನ ಸ್ಪ್ರಿಂಗು ಒತ್ತಿ ಹಿಡಿದು ಅಲಗು ತಿರುಗಿಸಬೇಕು, ಅದಕ್ಕೂ ಎರಡನೇ ಕೈ ಬೇಕು. ಅಡುಗೆಕಟ್ಟೆಯ ಮೇಲೆ ಅದನ್ನು ಬಿಟ್ಟು, ಹಲ್ಲಿಯನ್ನು ಹಿಡಿದ ಹಾಗೆ ಮೇಲೊಂದು ಬೋಗುಣಿ ಮುಚ್ಚಿದ್ದೆ. ಮರುದಿನ ತೆಗೆದಿಡಲು ಮರೆತೆ. ನಾಲ್ಕು ಗಂಟೆಗೆ ಬಂದ ನಯನಾಬೆನ್ ಬೋಗುಣಿ ಎತ್ತಿ, ಹಾಗೇ ನಿಂತರು.

"ಇದು ಕಾಂದಾ ಕೊಯ್ದ ಚಾಕು," ಎಂದರು, ಮುಟ್ಟದೆ.

"ಇಲ್ಲ," ಎಂದೆ. "ಕೊಯ್ಯಲಿಲ್ಲ. ಚಾಕು ಎತ್ತಿದ್ದು ನಿಜ. ಕಾಂದಾಕ್ಕೆ ತಾಗಿಸಲೇ ಇಲ್ಲ. ನಿಮ್ಮಾಣೆ."

ನಯನಾಬೆನ್ ನನ್ನನ್ನು ನೋಡಿದರು. ಆಣೆಯ ಒಂದೊಂದು ಅಕ್ಷರವೂ ನಿಜ ಎಂದು ನನ್ನ ಮುಖದಲ್ಲಿ ಬರೆದಿತ್ತು. ಮುಂದಿನ ವಾಕ್ಯ ನಾಲಿಗೆಯ ತುದಿಯವರೆಗೆ ಬಂತು. ಗುದ್ದಿ ತಿಂದೆ ನಯನಾಬೆನ್, ಎನ್ನುವುದಷ್ಟೇ. ಅಷ್ಟರಲ್ಲಿ ಅವರ ಕಣ್ಣು ತುಂಬಿ ಬಂದು, ಎರಡು ಕೈಯಿಂದ ನನ್ನ ತಲೆ ಹಿಡಿದು ನೆತ್ತಿಗೆ ಮುತ್ತಿಟ್ಟರು. ನಾನು ಉಸಿರು ಬಿಗಿಹಿಡಿದು ಸುಮ್ಮನಾದೆ. ಅವರಿಗೆ ಮೂಗು ಚೆನ್ನಾಗಿದೆ.

ಆವತ್ತಿನ ತೊಂಡೆಕಾಯಿಯನ್ನು ಅವರು ಅದೇ ಚಾಕಿನಿಂದ ಹೆಚ್ಚಿದರು. ಹದವಾಗಿದೆ ಎಂದು ತಮ್ಮ ಮನೆಗೂ ಒಯ್ದರು. ಉಳ್ಳಾಗಡ್ಡಿಗೆಂದು ಹೊರತೆಗೆದ ಚಾಕು ಈಗ ನಮ್ಮ ಇಡೀ ಮಹಡಿಯಲ್ಲೇ ಅತ್ಯಂತ ಶುದ್ಧವಾದದ್ದು. ಕಥೆ ದೇರಾಸರಕ್ಕೂ ಹೋಗಿದೆ: ಕೈಯಲ್ಲಿ ಬಿಚ್ಚಿದ ಚಾಕು, ಎದುರಿಗೆ ಕಾಂದಾ, ಮನೆಯಲ್ಲಿ ಯಾರೂ ಇಲ್ಲ, ಆದರೂ ಕೊಯ್ಯಲಿಲ್ಲವಂತೆ. ಲಿಫ್ಟಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಗೇಟಿನಲ್ಲಿ, ಎಲ್ಲಿ ಕಂಡರೂ ಹೆಂಗಸರು ನನಗೆ ಕೈ ಮುಗಿಯುತ್ತಾರೆ. ಯಜಮಾನರ ಎರಡು ಬಾಯಿಯ ಬಗ್ಗೆ ಮೇಲೆ ಬರೆದೆನಲ್ಲ, ಆಗ ನನ್ನ ಮೇಲೆ ಬಂದ ಗೌರವವನ್ನು ದಯವಿಟ್ಟು ಈಗ ವಾಪಸು ಕೊಟ್ಟುಬಿಡಿ. ಪ್ಲಾಸ್ಟರ್ ಇರುವವರೆಗೆ ಹೇಗೋ ನಡೆಯುತ್ತಿತ್ತು, ಒಂದೇ ಕೈ ಎತ್ತಿ ಅರ್ಧ ನಮಸ್ಕಾರ ಮಾಡುತ್ತಿದ್ದೆ, ನಾನು ಹೇಳಿದ್ದೂ ಅರ್ಧವೇ ಆದ್ದರಿಂದ ಲೆಕ್ಕ ಸರಿಹೋಗುತ್ತಿತ್ತು. ಹೋದ ವಾರ ಪ್ಲಾಸ್ಟರ್ ತೆಗೆದರು. ಈಗ ಎರಡೂ ಕೈ ಇವೆ, ಪೂರ್ತಿ ಮುಗಿಯಬೇಕಾಗಿದೆ.